ಒಂಟಿ ತೋಳಿನ ಡೊಂಕಿ

ಫೆಬ್ರವರಿ 4, ಮಂಗಳವಾರ

ಬೆಳಿಗ್ಗೆ ಕುಡಿದ ಚಹಾದಲ್ಲಿ ಅರ್ಧ ಹೊಟ್ಟೆಗೆ ಹೋಯಿತು, ಉಳಿದರ್ಧ ಎಡತುಟಿಯಿಂದ ಇಳಿದು ಕೊರಳಿಗೆ ಹೋಯಿತು. ನಿದ್ದೆಗಣ್ಣಿನ ಎಡವಟ್ಟು ಎಂದುಕೊಂಡು ಇನ್ನೊಂದು ಗುಟುಕು ಕುಡಿದೆ. ಅದೂ ಹಾಗೇ. ಅತ್ತೆ ಕನ್ನಡಕ ಏರಿಸಿಕೊಂಡು ನನ್ನನ್ನೇ ನೋಡಿದರು.

“ಏನೇ ಇದು, ಮುಖದ ಹೊಲಿಗೆ ಒಂದು ಕಡೆ ಬಿಚ್ಚಿಹೋಗಿದೆ?”

ಆಯುಷ್ಯವೆಲ್ಲ ಹೊಲಿಗೆ ಯಂತ್ರ ತುಳಿದ ಹೆಂಗಸು; ಅವರ ಕಣ್ಣಿಗೆ ಜಗತ್ತೆಲ್ಲ ಬಟ್ಟೆಯೇ. ನಮ್ಮವರು ತೀರಿಕೊಂಡ ಮೇಲೆ ಈ ಮನೆಯಲ್ಲಿ ಅವರು, ನಾನು ಇಬ್ಬರೇ. ಅವರೇ ನನ್ನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದರು.

“ಪಾರ್ಶ್ವವಾಯು ಅಲ್ಲ, ಹೆದರಬೇಡಿ,” ಎಂದರು ಡಾಕ್ಟರು. “ಮುಖದ ನರ ಊದ್ಕೊಂಡಿದೆ. ಕೆಲವರಿಗೆ ವಾರಗಳಲ್ಲಿ ಸರಿಹೋಗುತ್ತೆ, ಕೆಲವರಿಗೆ ತಿಂಗಳುಗಳು ಹಿಡಿಯುತ್ತೆ. ಪೂರ್ತಿ ಮೊದಲಿನ ಥರ ಆಗುತ್ತೆ ಅಂತ ಮಾತ್ರ ನಾನು ಬರ್ಕೊಡಲ್ಲ.”

ನನ್ನದು ಬಾಯಿಯ ಕೆಲಸ. ತಾರಾಲಯದ ಗುಮ್ಮಟದ ಕೆಳಗೆ ಕತ್ತಲಲ್ಲಿ ಕೂತು, ಮೇಲೆ ಮೂಡುವ ನಕ್ಷತ್ರಗಳ ಕಥೆಯನ್ನು ಮೈಕಿನಲ್ಲಿ ಹೇಳುವವಳು ನಾನು. ಮುಖ ಹಾಳಾದರೆ ಹಾಳಾಗಲಿ, ಕತ್ತಲಲ್ಲಿ ಯಾರು ನೋಡುತ್ತಾರೆ ಎಂದು ಧೈರ್ಯ ಹೇಳಿಕೊಂಡೆ. ಮನೆಗೆ ಬಂದು ‘ಬ್ರಹ್ಮಾಂಡ’ ಎನ್ನಲು ಹೋದೆ. ಬರೀ ಗಾಳಿ ಬಂತು. ಎರಡು ತುಟಿ ಕೂಡದೆ ಪ, ಬ, ಮ ಹೊರಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಇಲ್ಲಿ ಅವನ್ನು ಎಷ್ಟು ಬೇಕಾದರೂ ಖರ್ಚು ಮಾಡಬಹುದು.

ಫೆಬ್ರವರಿ 6, ಗುರುವಾರ

ಬಚ್ಚಲಿನ ಕನ್ನಡಿಗೆ ಟವೆಲ್ ಹೊದಿಸಿದೆ. ಫೋನ್ ಬಂದರೆ ಅತ್ತೆ ಎತ್ತುತ್ತಾರೆ. ಎಡಗಣ್ಣು ಮುಚ್ಚುವುದಿಲ್ಲ, ಅತ್ತೆ ಕರಿ ಮಖಮಲ್ಲಿನಲ್ಲಿ ಒಂದು ಕಣ್ಣುಪಟ್ಟಿ ಹೊಲಿದು ಕೊಟ್ಟು, “ಕಡಲ್ಗಳ್ಳಿ ಹಾಗೆ ಕಾಣ್ತೀಯ” ಎಂದರು. ನಗು ಬರಲಿಲ್ಲ. ಬಂದಿದ್ದರೂ ಅರ್ಧವೇ ಬರುತ್ತಿತ್ತು.

ಫೆಬ್ರವರಿ 12, ಬುಧವಾರ

ತಾರಾಲಯಕ್ಕೆ ಹಿಂಬಾಗಿಲಿನಿಂದ ನುಗ್ಗಿದೆ, ಕೋಳಿ ಕದ್ದವಳ ಹಾಗೆ. ಮೊದಲು ಸಿಕ್ಕವರು ಪ್ರೊಜೆಕ್ಟರ್ ನಡೆಸುವ ಬಲ್ಬಣ್ಣ. ಹಳೆಯ ಯಂತ್ರದ ಬಲ್ಬುಗಳನ್ನು ಬದಲಿಸುತ್ತಿದ್ದ ಕಾಲದಿಂದ ಅವರಿಗೆ ಅದೇ ಹೆಸರು. ಈಗ ಎಲ್ಲ ಕಂಪ್ಯೂಟರಿನಲ್ಲೇ ನಡೆದರೂ ಹೆಸರು ಬದಲಾಗಿಲ್ಲ. ನಾನು ಕರೆದದ್ದು ‘ಹಲ್ಹಣ್ಣ’ ಎಂದಾಯಿತು. ಅವರು ತಮ್ಮ ಹಲ್ಲು ಮುಟ್ಟಿ ನೋಡಿಕೊಂಡು, “ಇರೋ ನಾಕು ಹಲ್ಲಿಗೆ ಕಣ್ಣು ಹಾಕ್ಬೇಡಮ್ಮ” ಎಂದರು. ಪುಣ್ಯಾತ್ಮ, ಮುಖದ ಬಗ್ಗೆ ಒಂದು ಮಾತು ಕೇಳಲಿಲ್ಲ.

ನಿರ್ದೇಶಕರು ಕೇಳಿದರು, ಹಣೆ ಸುಕ್ಕು ಮಾಡಿಕೊಂಡು, ಬಹಳ ಮರ್ಯಾದೆಯಿಂದ.

“ನೋಡಿ ಮೇಡಂ, ನಿಮ್ಮ ಮೇಲೆ ನನಗೆ ಗೌರವ ಇದೆ. ಆದ್ರೆ ಹಾಲ್ ಸುಮ್ನೆ ಇಡೋಕಾಗಲ್ಲ. ರೇಡಿಯೋದಲ್ಲಿ ಓದ್ತಾರಲ್ಲ, ಆ ದಪ್ಪ ಗಂಟಲಿನವರು, ಅವರ ಹತ್ರ ಮಾತಾಡಿದ್ದೀನಿ. ಎಲ್ಲಾ ಶೋ ರೆಕಾರ್ಡ್ ಮಾಡಿಟ್ಕೊಂಡ್ರೆ ಮುಗೀತು. ರೆಕಾರ್ಡಿಗೆ ಜ್ವರ ಬರಲ್ಲ, ರಜೆ ಬೇಡ.”

“ನಾನು?”

“ಟಿಕೆಟ್ ಕೌಂಟರ್ ಇದೆಯಲ್ಲ.”

ಟಿಕೆಟ್ ಕೌಂಟರ್! ಗಾಜಿನ ಹಿಂದೆ, ಟ್ಯೂಬ್‌ಲೈಟಿನ ಕೆಳಗೆ, ದಿನವಿಡೀ ಸಾಲುಗಟ್ಟಿ ಬರುವವರಿಗೆ ಈ ಮುಖ ತೋರಿಸುತ್ತಾ ಕೂರಬೇಕಂತೆ. ಮೈಯೆಲ್ಲ ಉರಿದುಹೋಯಿತು. ಮಾರ್ಚ್ 22ಕ್ಕೆ ಒಂದು ಹೊಸ ಪ್ರದರ್ಶನ ಶುರುವಾಗುವುದಿದೆ, ಶಾಲೆಗಳವರು, ಪತ್ರಿಕೆಯವರು ಎಲ್ಲ ಬರುತ್ತಾರೆ.

“ಹೊಸ ಶೋ ನನಗೆ ಕೊಡಿ. ಒಂದೇ ಒಂದು ಸಲ. ಸರಿಯಾಗದಿದ್ದರೆ ಕೌಂಟರಿಗೆ ನಾನೇ ಹೋಗ್ತೀನಿ.”

ಅವರು ಒಪ್ಪಿದರು. ಆದರೆ ರೆಕಾರ್ಡಿಂಗ್ ಕೂಡ ತಯಾರಿರುತ್ತದಂತೆ. ನಾನು ತಡವರಿಸಿದರೆ ಅಲ್ಲೇ ಗುಂಡಿ ಒತ್ತಿಬಿಡುತ್ತಾರಂತೆ. ಹೊರಗೆ ಬಂದ ಮೇಲೆ ಗೊತ್ತಾಯಿತು, ನಾನಾಡಿದ ಅಷ್ಟೂ ಮಾತಿನಲ್ಲಿ ತುಟಿ ಕೂಡಿಸುವ ಅಕ್ಷರ ಒಂದೂ ಇರಲಿಲ್ಲ. ಸಿಟ್ಟಿಗೆ ಎಂಥ ಬುದ್ಧಿ!

ಫೆಬ್ರವರಿ 18, ಮಂಗಳವಾರ

ಹೊಸ ಪ್ರದರ್ಶನದ ನಾಯಕಿಯನ್ನು ಇವತ್ತು ನೋಡಿದೆ. ವಿಶ್ವವಿದ್ಯಾಲಯದಿಂದ ಬಂದ ಖಗೋಳದ ಹುಡುಗಿ ಗುಮ್ಮಟದ ಮೇಲೆ ಚಿತ್ರ ಬಿಟ್ಟಳು. ನನಗೆ ನಿರಾಸೆಯಾಯಿತು. ಗ್ಯಾಲಕ್ಸಿ ಎಂದರೆ ಎರಡು ತೋಳು ಬೀಸಿಕೊಂಡು ಅಂದವಾಗಿ ಸುತ್ತಿಕೊಂಡಿರಬೇಡವೇ? ಇದು ಯಾರೋ ಹಿಟ್ಟಿನ ಕೈಯನ್ನು ಕಪ್ಪು ಗೋಡೆಗೆ ಒರೆಸಿದ ಹಾಗಿತ್ತು.

“ಇದೇನಾ?” ಎಂದೆ.

“ಇದೇ ಅಕ್ಕ, ದೊಡ್ಡ ಮೆಗೆಲಾನಿಕ್ ಮೋಡ. ನಮ್ಮ ಆಕಾಶಗಂಗೆಯ ಪಕ್ಕದ ಮನೆ. ಅಲ್ಲಿಂದ ಬೆಳಕು ಇಲ್ಲಿಗೆ ಬರೋಕೆ ಒಂದು ಲಕ್ಷ ಅರವತ್ತು ಸಾವಿರ ವರ್ಷ. ಗ್ಯಾಲಕ್ಸಿಗಳಲ್ಲಿ ಇದು ತೀರಾ ಹತ್ತಿರ, ಕಿಟಕಿಯಿಂದ ಕೈ ಚಾಚಿದ್ರೆ ಸಿಗೋ ಅಷ್ಟು.”

ಅವಳು ಹೇಳುತ್ತಾ ಹೋದಳು, ನಾನು ಬರೆದುಕೊಳ್ಳುತ್ತಾ ಹೋದೆ. ಮೊದಲು ಇದನ್ನು ಆಕಾರಗೆಟ್ಟವುಗಳ ಗುಂಪಿಗೆ ಸೇರಿಸಿ ಕೈತೊಳೆದುಕೊಂಡಿದ್ದರಂತೆ. ಆಮೇಲೆ ನೋಡಿದರೆ ಒಳಗೆ ನಕ್ಷತ್ರಗಳ ಒಂದು ದಿಂಡು ಇದೆ, ದಿಂಡಿನಿಂದ ಒಂದು ತೋಳು ಹೊರಟು ಸುತ್ತಿದೆ. ಒಂದೇ ತೋಳು. ಹಾಗಾಗಿ ಸುರುಳಿಯೂ ಹೌದು, ಅಡ್ಡಾದಿಡ್ಡಿಯೂ ಹೌದು. ದಿಂಡು ನಟ್ಟನಡುವೆ ಇಲ್ಲ, ಒಂದು ಬದಿಗೆ ಸರಿದಿದೆ. ಪಕ್ಕದ ಸಣ್ಣ ಗ್ಯಾಲಕ್ಸಿಯೊಂದು ಹಾದುಹೋಗುವಾಗ ಜಗ್ಗಾಡಿದ್ದರಿಂದ ಹೀಗಾಗಿರಬೇಕು ಎನ್ನುತ್ತಾರೆ.

“ಹಾಗಂತ ಕುಂಟುತ್ತೆ ಅಂದ್ಕೋಬೇಡಿ,” ಎಂದಳು. “ಇಲ್ಲಿ ನೋಡಿ, ಈ ಮೂಲೇಲಿ ಕೆಂಪಗೆ ಹೊತ್ತಿ ಉರೀತಿದೆಯಲ್ಲ, ಇದು ಜೇಡ ನೀಹಾರಿಕೆ. ಹೊಸ ನಕ್ಷತ್ರಗಳು ಹುಟ್ಟೋ ಜಾಗ. ನಮ್ಮ ಸುತ್ತಮುತ್ತಲ ಯಾವ ಗ್ಯಾಲಕ್ಸಿಯಲ್ಲೂ ಇಂಥ ಹೆರಿಗೆ ಮನೆ ಇಲ್ಲ. ಇದು ನಮ್ಮ ಹತ್ತಿರದ ನೀಹಾರಿಕೆಗಳ ಜಾಗದಲ್ಲಿದ್ದಿದ್ರೆ ರಾತ್ರಿ ಇದರ ಬೆಳಕಿಗೆ ನಮ್ಮ ನೆರಳು ಬೀಳ್ತಿತ್ತು.”

ನಮ್ಮ ಊರಿನಲ್ಲಿ ಇದು ದಿಗಂತದಿಂದ ಒಂದಿಷ್ಟೇ ಮೇಲೇರಿ ದೂಳಿನಲ್ಲಿ, ಊರ ದೀಪಗಳಲ್ಲಿ ಮುಳುಗಿಹೋಗುತ್ತದೆ; ಕಣ್ತುಂಬ ಕಾಣುವ ಭಾಗ್ಯ ದೂರದ ದಕ್ಷಿಣದವರಿಗಷ್ಟೇ. ಅಂದರೆ ನಮ್ಮ ಜನ ಇದನ್ನು ನೋಡುವುದಿದ್ದರೆ ನಮ್ಮ ಗುಮ್ಮಟದಲ್ಲೇ, ನನ್ನ ಮಾತಿನಲ್ಲೇ. ಹೆಸರಿನಲ್ಲೇ ಎರಡು ‘ಮ’ ಇಟ್ಟುಕೊಂಡು ಕೂತಿದೆ, ಹಾಳಾದ್ದು. ಹಾಗಾಗಿ ನಾನೊಂದು ಹೆಸರಿಟ್ಟೆ: ಡೊಂಕಿ. ಡೊಂಕಿ, ದಿಂಡು, ತೋಳು, ಸುರುಳಿ, ನಕ್ಷತ್ರ, ಕೇಂದ್ರ, ಜೇಡ. ಎಲ್ಲ ಸಲೀಸಾಗಿ ಬರುತ್ತವೆ. ಬೆಳಕು ಮಾತ್ರ ಬರುವುದಿಲ್ಲ. ಬೆಳಕು ಎನ್ನದೆ ನಕ್ಷತ್ರದ ಕಥೆ ಹೇಳುವುದು ಹೇಗೆ?

ಫೆಬ್ರವರಿ 25, ಮಂಗಳವಾರ

ಇವತ್ತು ಮಾನ ಹೋಯಿತು.

ಡೊಂಕಿ ಒಂದು ಸುತ್ತು ಸುತ್ತಲು ಸುಮಾರು ಇಪ್ಪತ್ತೈದು ಕೋಟಿ ವರ್ಷ ಬೇಕು. ನಾವು ಅದನ್ನು ಒಂದು ನಿಮಿಷದಲ್ಲಿ ಸುತ್ತಿಸಿ ತೋರಿಸಬೇಕು. ಪ್ರದರ್ಶನದ ಜೀವವೇ ಅದು. ಬಲ್ಬಣ್ಣ ಯಾವತ್ತಿನಂತೆ ಮೊಳೆ ಹೊಡೆದರು. ಮೊಳೆ ಎಂದರೆ ನಮ್ಮಲ್ಲಿ, ಚಿತ್ರ ಯಾವ ಬಿಂದುವಿನ ಸುತ್ತ ತಿರುಗಬೇಕೋ ಅಲ್ಲಿ ಇಡುವ ಗುರುತು. ಎಲ್ಲಿ ಹೆಚ್ಚು ಬೆಳಕಿದೆಯೋ ಅಲ್ಲಿ ಮೊಳೆ, ಇದು ಬಲ್ಬಣ್ಣನ ವೇದವಾಕ್ಯ. ಇಷ್ಟು ವರ್ಷ ನನಗೂ ಅದೇ ವೇದವಾಕ್ಯವಾಗಿತ್ತು. ದಿಂಡಿನ ನಡುವೆ ಫಳಫಳ ಹೊಳೆಯುವ ಕಡೆ ಹೊಡೆದರು.

ನಿರ್ದೇಶಕರು ಬಂದು ಕೂತರು. ಡೊಂಕಿ ತಿರುಗಿತು. ತಿರುಗಿತು ಎನ್ನಲೇ? ಒಂದೇ ಕಡೆ ಒದ್ದೆ ಕಂಬಳಿ ಕೂಡಿದ ವಾಷಿಂಗ್ ಮೆಷಿನ್ ಹಾಗೆ ಎಗರಾಡಿತು. ಅಂಚು ಒಮ್ಮೆ ಗುಮ್ಮಟದ ಈ ಕಡೆಗೆ ಬಡಿಯಿತು, ಒಮ್ಮೆ ಆ ಕಡೆಗೆ. ನಿರ್ದೇಶಕರು ತಲೆ ಹಿಡಿದುಕೊಂಡರು.

“ನಿಲ್ಸಿ ಮಾರಾಯ್ರೆ, ತಲೆ ತಿರುಗುತ್ತೆ.”

“ಅದರ ಆಕಾರ ಹಾಗಿದೆ ಸರ್,” ಎಂದರು ಬಲ್ಬಣ್ಣ.

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಅಷ್ಟೊಂದು ಚೆಂದದ ಗ್ಯಾಲಕ್ಸಿಗಳಿವೆ, ಎರಡು ತೋಳಿನವು. ಅದರಲ್ಲಿ ಒಂದನ್ನ ಹಾಕಿ. ರೆಕಾರ್ಡಿಂಗೂ ಅದಕ್ಕೇ ಮಾಡಿಸ್ತೀನಿ. ಮೇಡಂ, ನೀವು ಆರಾಮಾಗಿ ರೆಸ್ಟ್ ತಗೊಳ್ಳಿ.”

ಹದಿನೈದು ದಿನ ಟೈಮು ಕೊಡಿ ಎಂದು ಕೇಳಿದೆ. ಕೊಟ್ಟರು. ಖಗೋಳದ ಹುಡುಗಿ ಯಾವುದೋ ಸಮ್ಮೇಳನಕ್ಕೆ ಹೋಗಿದ್ದಾಳೆ. ಡೊಂಕಿಯ ಮೇಲೇ ನನಗೆ ಸಿಟ್ಟು ಬಂದಿದೆ. ನಿನಗೊಂದು ನೆಟ್ಟಗಿನ ಮೈ ಇರಬಾರದಿತ್ತೇ?

ಫೆಬ್ರವರಿ 26, ಬುಧವಾರ

ಬರೆಯಲು ಏನೂ ಇಲ್ಲ. ಸ್ಟ್ರಾದಲ್ಲಿ ಸೂಪು.

ಮಾರ್ಚ್ 7, ಶುಕ್ರವಾರ

ಆಸ್ಪತ್ರೆಯಲ್ಲಿ ನನಗೆ ವ್ಯಾಯಾಮ ಹೇಳಿಕೊಡುವ ಫಿಸಿಯೋ ಹುಡುಗನಿಗೆ ಇವತ್ತು ನನ್ನ ಕಳ್ಳಾಟ ಗೊತ್ತಾಯಿತು. ಮುಖದ ವ್ಯಾಯಾಮವನ್ನು ಕನ್ನಡಿ ನೋಡಿಕೊಂಡು ಮಾಡಬೇಕು. ನಾನು ಗೋಡೆ ನೋಡಿಕೊಂಡು ಮಾಡುತ್ತಿದ್ದೆ.

“ಗೋಡೆಗೆ ಆಗಲೇ ವಾಸಿಯಾಗಿರಬೇಕು,” ಎಂದು ಕನ್ನಡಿ ತಂದು ಎದುರಿಗಿಟ್ಟ. ಎಷ್ಟು ದಿನವಾಗಿತ್ತೋ ನೋಡಿ. ಮೊದಲು ಕಂಡದ್ದು ಬಲಗಡೆ. ಅದೊಂದೇ ನನ್ನದೆನಿಸಿತು.

“ನಿಮ್ಮ ಮುಖದ ಮಧ್ಯ ಯಾವುದು, ತೋರಿಸಿ.”

ಮೂಗಿನ ಕೆಳಗಿನ ಗುಳಿಗೆ ಬೆರಳಿಟ್ಟೆ. ಮತ್ತೆಲ್ಲಿರುತ್ತದೆ?

“ತಪ್ಪು.” ಎರಡು ಕಣ್ಣುಗಳ ಒಳಮೂಲೆಗಳ ನಡುವಿನಿಂದ ಕನ್ನಡಿಯ ಮೇಲೆ ಪೆನ್ನಿನಲ್ಲಿ ನೇರ ಗೆರೆ ಎಳೆದ. ಗೆರೆ ಗುಳಿಯ ಮೇಲೆ ಬೀಳಲಿಲ್ಲ, ಪಕ್ಕದಲ್ಲಿ, ಏನೂ ಇಲ್ಲದ ಕಡೆ ಇಳಿಯಿತು. “ಗಟ್ಟಿ ಇರೋ ಕಡೆ ಎಲ್ಲಾನೂ ತನ್ನತ್ತ ಎಳ್ಕೊಂಡಿದೆ ಮೇಡಂ. ಮೂಗು, ಗುಳಿ, ತುಟಿ ಎಲ್ಲಾ ಗೆದ್ದವರ ಪಾರ್ಟಿ ಸೇರಿವೆ. ಅದನ್ನೇ ಮಧ್ಯ ಅಂತ ಹಿಡ್ಕೊಂಡ್ರೆ ನಿಮಗೆ ಇಡೀ ಮುಖ ತಪ್ಪಾಗೇ ಕಾಣುತ್ತೆ. ನಿಮ್ಮ ಮೂಗಿನ ನೇರಕ್ಕೆ ನೋಡ್ಬೇಡಿ. ಈ ಗೆರೆ ಹಿಡ್ಕೊಳ್ಳಿ.”

ನಗು ಬಂತು. ನಗುತ್ತಲೇ ಗೆರೆ ನೋಡಿದೆ. ಗುಳಿ ನೋಡಿದೆ. ಆಮೇಲೆ ಬಲ್ಬಣ್ಣನ ಮೊಳೆ ನೆನಪಾಯಿತು.

“ತುಟಿ ಉಬ್ಬಿಸಿ” ಎಂದು ಅವನು ಹೇಳುತ್ತಿದ್ದ ಹಾಗೇ ಚೀಲ ಎತ್ತಿಕೊಂಡು ಹೊರಟೆ. ಹಿಂದಿನಿಂದ ಕೂಗಿದ. ಕೂಗಲಿ. ತಾರಾಲಯ ಮುಚ್ಚಿಬಿಟ್ಟಿತ್ತು, ಕಾವಲಿನವನು ಎಷ್ಟು ಕೇಳಿದರೂ ಒಳಗೆ ಬಿಡಲಿಲ್ಲ. ನಾಳೆಯವರೆಗೆ ಕಾಯುವುದು ಹೇಗೋ.

ಮಾರ್ಚ್ 8, ಶನಿವಾರ

ತಿರುಗಿತು! ತಿರುಗಿತು! ತಿರುಗಿತು!

ಖಗೋಳದ ಹುಡುಗಿ ಊರಿಗೆ ಬಂದಿದ್ದಳು. ಬೆಳಿಗ್ಗೆಯೇ ಅವಳಿಗೆ ಫೋನ್ ಮಾಡಿ, ಅರ್ಧ ಮಾತು, ಅರ್ಧ ಗಾಳಿಯಲ್ಲಿ ಕೇಳಿದೆ: ಡೊಂಕಿಯಲ್ಲಿ ನಕ್ಷತ್ರಗಳ ನಡುವೆ ತುಂಬಿರುವ ಅನಿಲವೆಲ್ಲ ಎಲ್ಲಿ ಕೇಂದ್ರ ಇಟ್ಟುಕೊಂಡು ತಿರುಗುತ್ತದೆ?

“ದಿಂಡಿನಾಚೆ ಅಕ್ಕ, ಒಂದು ಪಕ್ಕಕ್ಕೆ. ಮೊದಲ ದಿನವೇ ಹೇಳಿದ್ನಲ್ಲ, ದಿಂಡು ಮಧ್ಯದಲ್ಲಿ ಇಲ್ಲ ಅಂತ. ಅಯ್ಯೋ, ನೀವು ಮೊಳೆ ಎಲ್ಲಿ ಹೊಡೆದ್ರಿ?”

ಹೇಳಿದ್ದಳು. ನಾನೇ ಬರೆದುಕೊಂಡಿದ್ದೆ, ಬಾಯಿಪಾಠವನ್ನೂ ಮಾಡಿದ್ದೆ. ಬಾಯಲ್ಲಿ ಒಂದು ಹೇಳಿಕೊಂಡು ಕಣ್ಣೆದುರು ಇನ್ನೊಂದು ಮಾಡುತ್ತಾ ಕೂತಿದ್ದೆವು.

ಬಲ್ಬಣ್ಣ ಸುಲಭಕ್ಕೆ ಒಪ್ಪಲಿಲ್ಲ. “ಅಲ್ಲೇನಿದೆಯಮ್ಮ? ಖಾಲಿ ಜಾಗ. ಖಾಲಿ ಜಾಗಕ್ಕೆ ಯಾರಾದ್ರೂ ಮೊಳೆ ಹೊಡೀತಾರಾ?”

“ಹೊಡೀರಿ ಅಣ್ಣ. ಎಗರಿದರೆ ನನಗೆ ಹೊಡೀರಿ.”

ಹುಡುಗಿ ಅಳತೆ ಹೇಳಿದಳು, ಅವರು ಗೊಣಗುತ್ತಲೇ ಮೊಳೆಯನ್ನು ಮಂಕಾದ ಜಾಗಕ್ಕೆ ಸರಿಸಿದರು. ದೀಪ ಆರಿತು. ಡೊಂಕಿ ಹೊರಟಿತು. ಅಂಚು ಕೂತಲ್ಲೇ ಕೂತಿತ್ತು, ಒಂದಿಷ್ಟೂ ಅಲುಗಲಿಲ್ಲ. ಒಳಗೆ ದಿಂಡು ಮಾತ್ರ ಕಡಾಯಿಯಲ್ಲಿ ಆಡಿಸಿದ ಸೌಟಿನ ಹಾಗೆ ಸುತ್ತಿ ಬಂತು, ಅದರ ಬೆನ್ನಿಗೆ ಆ ಒಂದೇ ತೋಳು ಇಡೀ ಗುಮ್ಮಟವನ್ನು ಬಳಸಿಕೊಂಡು ಬಂತು. ಜೇಡ ಕೆಂಪಗೆ ಉರಿಯುತ್ತಾ ನನ್ನ ತಲೆಯ ಮೇಲೇ ಹಾದುಹೋಯಿತು. ಎಷ್ಟು ಗಂಭೀರವಾದ ನಡಿಗೆ! ಎರಡು ತೋಳಿನ ಯಾವ ಸುಂದರಿಯೂ ಹೀಗೆ ನಡೆದದ್ದನ್ನು ನಾನು ಕಂಡಿಲ್ಲ. ನನಗೆ ಅಳು ಬಂತು, ಮುಚ್ಚದ ಕಣ್ಣಿನಲ್ಲಿ ಹೆಚ್ಚು ಬಂತು.

ಬಲ್ಬಣ್ಣ ಪರದೆಯ ಮೇಲಿನ ಮೊಳೆಯನ್ನು ಇನ್ನೊಮ್ಮೆ ನೋಡಿ, “ಹಂಗಾದ್ರೆ ಈಯಮ್ಮಂಗೆ ನಾವೇ ಕಾಲು ಕಟ್ಟಿ ಹಾಕಿದ್ವಿ” ಎಂದರು.

ನಿರ್ದೇಶಕರನ್ನು ಕರೆದು ತೋರಿಸಿದೆವು. ಈ ಸಲ ತಲೆ ಹಿಡಿದುಕೊಳ್ಳಲಿಲ್ಲ, ಇನ್ನೊಂದು ಸುತ್ತು ತಿರುಗಿಸಿ ಎಂದರು. ಡೊಂಕಿ ಉಳಿಯಿತು. ನನ್ನ ಮಾತು ಮಾತ್ರ ಇನ್ನೂ ಪರೀಕ್ಷೆಯಲ್ಲೇ ಇದೆ. ರೆಕಾರ್ಡಿಂಗ್‌ಗೆ ದಪ್ಪ ಗಂಟಲಿನವರು ಬಂದೇ ಬರುತ್ತಾರಂತೆ.

ಮಾರ್ಚ್ 15, ಶನಿವಾರ

ಮಾತಿನ ಅಭ್ಯಾಸ. ಎಡತುಟಿಯ ಮೂಲೆಗೆ ಬೆರಳು ಕೊಟ್ಟು ಎತ್ತಿ ಹಿಡಿದರೆ ‘ಬ’ ಹೊರಡುತ್ತದೆ ಎಂದು ಫಿಸಿಯೋ ತೋರಿಸಿಕೊಟ್ಟ. ಬೆಳಕು ಬಂತು! ಕತ್ತಲಲ್ಲಿ ಬೆರಳು ಯಾರಿಗೂ ಕಾಣುವುದಿಲ್ಲ. ಕೊನೆಯಲ್ಲಿ ದೀಪ ಹಾಕುವಾಗ ನನ್ನ ಮೇಜಿನ ಮೇಲಿನದನ್ನು ಹಾಕಬೇಡಿ ಎಂದು ಬಲ್ಬಣ್ಣನಿಂದ ಆಣೆ ಮಾಡಿಸಿಕೊಂಡಿದ್ದೇನೆ.

ಅತ್ತೆಯ ಎದುರು ಇಡೀ ಕಥೆ ಹೇಳಿದೆ. ಅವರು ಗುಂಡಿ ಹೊಲಿಯುತ್ತಾ ಕೇಳಿ, “ನಿನ್ನ ಡೊಂಕಿ ಒಳ್ಳೆ ಗಟ್ಟಿಗಿತ್ತಿ. ಆದ್ರೆ ನೀನು ತುಂಬಾ ನಿಧಾನ ಹೇಳ್ತೀಯ, ನನಗೆ ನಿದ್ದೆ ಬಂತು” ಎಂದರು. ವೇಗ ಹೆಚ್ಚಿಸಬೇಕು. ಬಚ್ಚಲಿನ ಕನ್ನಡಿಯ ಟವೆಲ್ ಮುಗ್ಗಲು ವಾಸನೆ ಹೊಡೆಯುತ್ತಿತ್ತು, ಒಗೆಯಲು ಹಾಕಿದೆ.

ಮಾರ್ಚ್ 21, ಶುಕ್ರವಾರ

ಹೆದರಿಕೆ. ದಪ್ಪ ಗಂಟಲಿನ ರೆಕಾರ್ಡಿಂಗ್ ಕೇಳಿಸಿದರು. ಜೇನು ಸುರಿದ ಹಾಗಿದೆ, ಒಂದು ಅಕ್ಷರ ಜಾರುವುದಿಲ್ಲ. ಡೊಂಕಿಗೆ ‘ವಿರೂಪ ಗ್ಯಾಲಕ್ಸಿ’ ಎಂದಿದ್ದಾನೆ. ವಿರೂಪವಂತೆ, ಅವನ ತಲೆ! ಹೆದರಿಕೆ ಅರ್ಧ ಇಳಿಯಿತು.

ಮಾರ್ಚ್ 22, ಶನಿವಾರ

ಗೆದ್ದೆ. ಕ್ರಮವಾಗಿ ಬರೆಯುತ್ತೇನೆ, ಇಲ್ಲದಿದ್ದರೆ ಕೈ ಓಡಿಹೋಗುತ್ತದೆ.

ಹಾಲ್ ತುಂಬಿತ್ತು, ಮೆಟ್ಟಿಲ ಮೇಲೂ ಮಕ್ಕಳು. ಅತ್ತೆ ಮುಂದಿನ ಸಾಲಿನಲ್ಲಿ ಮದುವೆಗೆ ಬಂದವರ ಹಾಗೆ ಕೂತಿದ್ದರು. ನಿರ್ದೇಶಕರು ಬಲ್ಬಣ್ಣನ ಪಕ್ಕದಲ್ಲಿ, ರೆಕಾರ್ಡಿಂಗಿನ ಗುಂಡಿಯ ಹತ್ತಿರ ಕೈಯಿಟ್ಟುಕೊಂಡು ನಿಂತಿದ್ದರು. ಕತ್ತಲಾಯಿತು. ನಾನು ಮೈಕ್ ಹತ್ತಿರ ಎಳೆದುಕೊಂಡೆ.

ಮೊದಲ ವಾಕ್ಯದಲ್ಲೇ ಎಡವಿದೆ. ‘ನಮ್ಮ’ ಎಂಬುದು ‘ನಹ್ಹ’ ಎಂದಾಯಿತು. ಮೆಟ್ಟಿಲ ಕಡೆ ಯಾರೋ ಕಿಸಕ್ಕೆಂದರು. ಬಲ್ಬಣ್ಣನ ಪರದೆಯ ಮಿಣುಕಿನಲ್ಲಿ ನಿರ್ದೇಶಕರ ಕೈ ಗುಂಡಿಯ ಕಡೆ ಹೋದದ್ದು ಕಂಡಿತು. ಬೆರಳು ತುಟಿಗೆ ಕೊಟ್ಟೆ. ಮತ್ತೆ ಹೇಳಿದೆ, ಈ ಸಲ ನಿಧಾನವಾಗಿ, ಕಥೆ ಹೇಳುವವಳ ಹಾಗೆ.

“ಇವಳ ಹೆಸರು ಡೊಂಕಿ. ದೊಡ್ಡವರು ಇವಳಿಗೆ ದೊಡ್ಡ ಹೆಸರಿಟ್ಟಿದ್ದಾರೆ, ನನಗೆ ಇದೇ ಇಷ್ಟ. ಒಂದೇ ತೋಳು. ಇವಳು ಸರಿಯಾಗಿ ತಿರುಗೋಲ್ಲ ಅಂತ ಒಂದು ಕಾಲದಲ್ಲಿ ನಾನೂ ನಂಬಿದ್ದೆ. ಯಾಕೆ ಗೊತ್ತಾ? ಎಲ್ಲಿ ಬೆಳಕು ಹೆಚ್ಚೋ ಅಲ್ಲೇ ಕೇಂದ್ರ ಅಂದ್ಕೊಂಡಿದ್ದೆ.”

ಬೆಳಕು ಸರಿಯಾಗಿ ಬಂತು. ಡೊಂಕಿ ಹೊರಟಿತು. ದಿಂಡು ಸುತ್ತಿತು, ತೋಳು ಬಳಸಿತು, ಜೇಡ ಹೊತ್ತಿ ಉರಿಯಿತು. ಅದು ತಲೆಯ ಮೇಲೆ ಹಾದುಹೋದಾಗ ಇಡೀ ಹಾಲ್ ಒಟ್ಟಿಗೆ ಉಸಿರೆಳೆದುಕೊಂಡಿತು. ಆ ಸದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಆಮೇಲೆ ನಾನು ಅಕ್ಷರಗಳನ್ನು ಆರಿಸುವುದನ್ನು ಬಿಟ್ಟೆ. ಭೂಮಿ ಎಂದೆ, ಬ್ರಹ್ಮಾಂಡ ಎಂದೆ, ಮೋಡ ಎಂದೆ. ಕೆಲವು ಬಂದವು, ಕೆಲವು ಗಾಳಿಯಾದವು. ಯಾರೂ ಕಿಸಕ್ಕೆನ್ನಲಿಲ್ಲ.

ಮುಗಿಯುತ್ತಲೇ ಬಲ್ಬಣ್ಣ, ಆ ಮುದಿ ಮರೆಗುಳಿ, ಚಪ್ಪಾಳೆಯ ಸಂಭ್ರಮದಲ್ಲಿ ಎಲ್ಲ ದೀಪಗಳನ್ನೂ ಹಾಕಿಬಿಟ್ಟರು, ನನ್ನ ಮೇಜಿನದನ್ನೂ ಸೇರಿಸಿ. ಆಗಲೇ ಮೆಟ್ಟಿಲ ಮೇಲಿದ್ದ ಒಬ್ಬಳು ಪುಟ್ಟ ಹುಡುಗಿ ಕೈಯೆತ್ತಿದ್ದಳು. ದೂರ ಇದ್ದದ್ದರಿಂದ ನಾನೇ ಎದ್ದು ಮುಂದೆ ಹೋದೆ.

“ಆಂಟಿ, ಡೊಂಕಿಗೆ ಇನ್ನೊಂದು ತೋಳು ಯಾವಾಗ ಬೆಳೆಯುತ್ತೆ?”

“ಬೆಳೆಯುತ್ತೋ ಇಲ್ಲವೋ ಯಾರಿಗೂ ಗೊತ್ತಿಲ್ಲ ಪುಟ್ಟಿ. ಅದಕ್ಕೇನೂ ಅವಸರ ಇಲ್ಲ. ನೋಡಿದೆಯಲ್ಲ, ಎಷ್ಟು ಚೆನ್ನಾಗಿ ತಿರುಗ್ತಾ ಇದೆ.”

ಬೆರಳು ಇನ್ನೂ ತುಟಿಯ ಮೇಲೇ ಇತ್ತು ಅನ್ನಿಸುತ್ತದೆ. ಪ್ರಶ್ನೆಯ ಮೇಲೆ ಪ್ರಶ್ನೆ ಬಂತು. ಒಬ್ಬ ಮೇಷ್ಟರಂತೂ ಬಿಡಲೇ ಇಲ್ಲ. ಕ್ಯಾಮೆರಾದವರು ಅಡ್ಡಡ್ಡ ಬರುತ್ತಿದ್ದರು, ಸರಿಯಪ್ಪಾ ಪಕ್ಕಕ್ಕೆ ಎಂದು ಗದರಿದೆ.

ಹೊರಡುವಾಗ ನಿರ್ದೇಶಕರನ್ನು ಕೇಳಿದೆ, “ರೆಕಾರ್ಡಿಂಗ್ ಏನ್ಮಾಡ್ತೀರಿ ಸರ್?”

“ಇರ್ಲಿ ಮೇಡಂ, ಸೋಮವಾರಕ್ಕೆ ಆಗುತ್ತೆ.”

ಸೋಮವಾರ ತಾರಾಲಯಕ್ಕೆ ರಜೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮೈಕಿನ ಮೇಜು ನನ್ನದು, ಇನ್ನು ಯಾವ ಗಂಟಲೂ ಅಲ್ಲಿ ಕೂರುವುದಿಲ್ಲ.

ಮಾರ್ಚ್ 24, ಸೋಮವಾರ

ರಜೆಯ ದಿನವೂ ನೆಮ್ಮದಿಯಿಲ್ಲ. ಪತ್ರಿಕೆಯಲ್ಲಿ ಫೋಟೋ ಬಂದಿದೆ, ನೋಡಿ ಪಿತ್ತ ನೆತ್ತಿಗೇರಿತು. ಮುಖಪುಟದಲ್ಲಿ ನಾನು ಅಷ್ಟಗಲ ಬಾಯಿ ಬಿಟ್ಟು ನಗುತ್ತಿದ್ದೇನೆ, ತಲೆಯ ಮೇಲೆ ಡೊಂಕಿಯ ದಿಂಡು. ತೋಳು? ಚಿತ್ರದ ಅಂಚಿನಲ್ಲಿ ಕಚಕ್ಕೆಂದು ಕತ್ತರಿಸಿ ಎಸೆದಿದ್ದಾರೆ! ಇರುವುದೇ ಒಂದು ತೋಳು, ಅದನ್ನೂ ಕತ್ತರಿಸುವುದೇ? ಓದಿದವರು ಇದನ್ನು ಯಾವ ಗ್ಯಾಲಕ್ಸಿ ಎಂದುಕೊಳ್ಳಬೇಕು?

ಅತ್ತೆ ಪತ್ರಿಕೆ ಹಿಡಿದುಕೊಂಡು ಬಹಳ ಹೊತ್ತು ನೋಡಿದರು. ಕಣ್ಣು ಒರೆಸಿಕೊಂಡರು, ಯಾಕೋ. “ಎಷ್ಟು ಚೆಂದ ಬಂದಿದೆಯೇ,” ಎಂದರು.

“ಏನು ಚೆಂದ ಅತ್ತೆ? ತೋಳೇ ಇಲ್ಲ!”

ಪತ್ರಿಕೆಗೆ ನಾನೇ ಫೋನ್ ಮಾಡಿದೆ. ಮೊದಲು ಎತ್ತಿದವನಿಗೆ ಅರ್ಥವಾಗಲಿಲ್ಲ. ಇನ್ನೊಬ್ಬನಿಗೆ ಕೊಡು ಎಂದೆ, ಅವನಿಗೂ ಆಗದಿದ್ದಾಗ ಸಂಪಾದಕರನ್ನೇ ಕರೆಸಿದೆ. ಮತ್ತೆ ಫೋಟೋ ತೆಗೆಯಲು ಜನ ಕಳಿಸುತ್ತಾರಂತೆ. ಕಳಿಸಲಿ, ನಾಳೆ ಹನ್ನೊಂದರ ಪ್ರದರ್ಶನಕ್ಕೆ. ಈ ಸಲ ತೋಳು ಪೂರ್ತಿ ಬರಬೇಕು. ಜಾಗ ಸಾಲದಿದ್ದರೆ ನನ್ನ ಮುಖವನ್ನು ಎಲ್ಲಿ ಬೇಕಾದರೂ ಕತ್ತರಿಸಿಕೊಳ್ಳಲಿ.